ಅಳಿಸದೆ ಉಳಿದ ಕ್ಯಾಸೆಟ್

ನವೆಂಬರ್ ೧೭, ಭಾನುವಾರ
ಊಟವಾದ ಮೇಲೆ

ಮುದ್ದಿನ ಪುಟ್ಟಿಗೆ ಅಮ್ಮನ ಆಶೀರ್ವಾದಗಳು.

ಕಾಗದ ನೋಡಿ ಗಾಬರಿಯಾಗಬೇಡ. ಇಲ್ಲಿ ಯಾರಿಗೂ ಏನೂ ಆಗಿಲ್ಲ. ನಿಮ್ಮಪ್ಪನ ಬಿ.ಪಿ. ಹಿಡಿತದಲ್ಲಿದೆ, ನನ್ನ ಮಂಡಿ ಎಂದಿನಂತೆ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ, ಅಷ್ಟೆ. ವಾರವಾರ ಫೋನು ಮಾಡುವ ತಾಯಿ ಇದ್ದಕ್ಕಿದ್ದಂತೆ ಕಾಗದ ಬರೆದರೆ ನಿನ್ನ ಎದೆ ಧಸಕ್ಕೆನ್ನುವುದು ನನಗೆ ಗೊತ್ತು. ಆದರೆ ಕಿವಿ ಮಂದವಾದವರಿರುವ ಮನೆಯಲ್ಲಿ ಫೋನಿನಲ್ಲಿ ಗುಟ್ಟು ಮಾತಾಡುವುದು ಸಾಧ್ಯವೇ ಇಲ್ಲ. ನಿಮ್ಮಪ್ಪ ಪಕ್ಕದಲ್ಲೇ ಕೂತು ಏನಂತೆ, ಏನಂತೆ ಅನ್ನುತ್ತಾರೆ. ನಾನು ಪ್ರತಿ ಮಾತನ್ನೂ ಇನ್ನೊಮ್ಮೆ ಕೂಗಿ ಹೇಳಬೇಕು. ಎದುರು ಬೇಕರಿಯವನು ಮಾರನೆಯ ದಿನ ನಿಮ್ಮ ಅಳಿಯಂದಿರ ಕೆಮ್ಮು ವಾಸಿಯಾಯಿತಾ ಎಂದು ನನ್ನನ್ನೇ ವಿಚಾರಿಸುತ್ತಾನೆ. ಈಗ ನಾನು ಹೇಳಬೇಕಾದ ವಿಷಯದಲ್ಲಿ ಕೂಗಿ ಹೇಳಲಾಗದ ಮಾತುಗಳಿವೆ. ಅದಕ್ಕೇ ಈ ಕಾಗದ.

ಎರಡು ತಿಂಗಳಿಂದ ನಿನ್ನಿಂದ ಒಂದು ಸಂಗತಿ ಮುಚ್ಚಿಟ್ಟಿದ್ದೇನೆ. ನಿನ್ನ ಅಮ್ಮ ಪ್ರಸಿದ್ಧಳಂತೆ. ನಗಬೇಡ. ಇಲ್ಲಿ ಅಲ್ಲ, ಇಲ್ಲಿ ನನ್ನನ್ನು ರಿಪೇರಿಯವರ ಹೆಂಡತಿ ಎಂದೇ ಎಲ್ಲರೂ ಕರೆಯುವುದು. ಸಮುದ್ರದಾಚೆ, ನಾನು ಹೆಸರು ಉಚ್ಚರಿಸಲೂ ತಡಕಾಡುವ ಒಂದು ದೇಶದಲ್ಲಿ.

ಮೊದಲಿನಿಂದ ಹೇಳುತ್ತೇನೆ. ಅವತ್ತು ನಾನು ಮೇಲೆ ಬಟ್ಟೆ ಮಡಿಸುತ್ತಿದ್ದೆ. ಕೆಳಗೆ ಅಂಗಡಿಯಲ್ಲಿ ನಿಮ್ಮಪ್ಪ ಯಾರದೋ ಮಿಕ್ಸಿ ಬಿಚ್ಚಿ ಹರಡಿಕೊಂಡಿದ್ದರು. ಗೋಡೆಗೆ ಕುಟ್ಟಿ ಕರೆದರು. ಇಳಿದು ಬಂದರೆ ಗಿರಾಕಿಗಳ ಸ್ಟೂಲಿನ ಮೇಲೆ ಇಬ್ಬರು ಕೂತಿದ್ದಾರೆ. ಒಬ್ಬಳು ಎತ್ತರದ ಹೆಂಗಸು, ಗಿಡ್ಡ ಕತ್ತರಿಸಿದ ನರೆಗೂದಲು, ಪ್ರಯಾಣ ಮಾಡಿ ಮಾಡಿ ಊದಿದ ಕಾಲು, ತೊಡೆಯ ಮೇಲೆ ದೊಡ್ಡ ಚೀಲ. ಅವಳ ಪಕ್ಕದಲ್ಲಿ ಒಣಕಲು ಕಡ್ಡಿಯಂಥ ಒಬ್ಬ ಮೇಷ್ಟ್ರು. ಕಾಲೇಜಿನಲ್ಲಿ ಅವಳ ಭಾಷೆ ಕಲಿಸುವವರಂತೆ, ದುಭಾಷಿಯಾಗಿ ಬಂದಿದ್ದರು. ಇವರು ರೇಡಿಯೋದವರು ಎಂದು ಮೇಷ್ಟ್ರು ಜೋರಾಗಿ ಹೇಳಿದ್ದಕ್ಕೆ ನಿಮ್ಮಪ್ಪ ಎಲ್ಲಿ ಕೊಡಿ ನೋಡೋಣ ಎಂದು ಕೈ ಚಾಚಿದ್ದರಂತೆ. ರಿಪೇರಿಗೆ ತಂದಿದ್ದಾರೆ ಅಂತ!

ಆ ಹೆಂಗಸು ಚೀಲದಿಂದ ಬಟ್ಟೆಯಲ್ಲಿ ಸುತ್ತಿದ ಒಂದು ಕ್ಯಾಸೆಟ್ ತೆಗೆದು ಬೆಂಚಿನ ಮೇಲಿಟ್ಟಳು. ಅದರ ಮೇಲೆ ನಮ್ಮ ಅಂಗಡಿಯ ಮೊಹರು, ಅರ್ಧ ಅಳಿಸಿಹೋಗಿತ್ತು, ಆದರೂ ಊರಿನ, ಬೀದಿಯ ಹೆಸರು ಓದಬಹುದಿತ್ತು. ಆಮೇಲೆ ಮೇಷ್ಟ್ರು ತಮ್ಮ ಫೋನಿನಲ್ಲಿ ಅದೇ ಕ್ಯಾಸೆಟ್ಟಿನ ಹಾಡು ಹಚ್ಚಿದರು. ಯಾರೋ ಎಳೆಯ ಹೆಂಗಸು, ಸ್ವಲ್ಪ ನೆಗಡಿಯಾದ ದನಿ, ಸೋಪು ಮುಗಿದಿದೆ ಎಂದು ಹಾಡುತ್ತಿದ್ದಾಳೆ. ಸೋಪಿನ ಬಗ್ಗೆ ಇಷ್ಟು ಚೆನ್ನಾಗಿ ಹಾಡುವವಳು ಯಾರಪ್ಪಾ ಅಂದುಕೊಂಡೆ. ಅಷ್ಟರಲ್ಲಿ ಟಕ್ ಟಕ್ ಎಂದು ಎರಡು ಸದ್ದು ಬಂದು ಹಾಡು ನಿಂತಿತು. ಆ ಸದ್ದು ಕೇಳಿದ ಮೇಲೆ ನನಗೆ ಗುರುತು ಸಿಕ್ಕಿತು. ಅದು ನಿಮ್ಮಪ್ಪನ ಸ್ಕ್ರೂ ಡ್ರೈವರು. ಹಾಗಾದರೆ ಹಾಡುತ್ತಿದ್ದವಳು ನಾನೇ ಇರಬೇಕು.

ನಿನಗೆ ಟೇಪ್ ರೆಕಾರ್ಡರಿನ ಕಾಲ ಅಷ್ಟಾಗಿ ನೆನಪಿರಲಿಕ್ಕಿಲ್ಲ. ಆಗ ನಿಮ್ಮಪ್ಪನ ಬೆಂಚಿನ ಮೇಲೆ ಬೇರೆ ಏನೂ ಇರುತ್ತಿರಲಿಲ್ಲ. ಬಂದರಿಗೆ ಹಡಗು ಬಂತೆಂದರೆ ಹಡಗಿನವರೆಲ್ಲ ಉಪ್ಪುಗಾಳಿಗೆ ಕೆಟ್ಟ ಮೆಷಿನ್ನುಗಳನ್ನು ಹೊತ್ತು ತರುತ್ತಿದ್ದರು. ರಿಪೇರಿಯಾದ ಮೇಲೆ ಏನಾದರೂ ಹಾಡಿಸಿ ರೆಕಾರ್ಡ್ ಮಾಡಿ ನೋಡಬೇಕು. ಬರೀ ಮಾತಾಡಿದರೆ ಗೊತ್ತಾಗಲ್ಲ, ಎಳೆದು ಹಾಡಿದ್ರೆ ಟೇಪ್ ತಿರುಗಿಸೋ ಬೆಲ್ಟ್ ಜಾರ್ತಿದ್ಯಾ ಅಂತ ತಕ್ಷಣ ತಿಳಿಯುತ್ತೆ ಅನ್ನುತ್ತಿದ್ದರು ನಿಮ್ಮಪ್ಪ. ಅವರೇ ಹಾಡಿದರೆ ಕಾಗೆಗಳೂ ಎದ್ದು ಹೋಗುತ್ತವೆ. ಹಾಗಾಗಿ ಗೋಡೆಗೆ ಕುಟ್ಟುವುದು, ಆಗ ನಮ್ಮ ಮನೆಯೇ ಆಗಿದ್ದ ಹಿಂದಿನ ಕೋಣೆಯಿಂದ ನಾನು ಕೈ ಒರೆಸಿಕೊಂಡು ಬರುವುದು, ಮೈಕಿನ ಮುಂದೆ ಬಾಯಿಗೆ ಬಂದದ್ದನ್ನು ಹಾಡುವುದು. ಅವರು ಕಿವಿಗೆ ಹೆಡ್‌ಫೋನ್ ಏರಿಸಿಕೊಂಡು ಮೆಷಿನ್ನಿನಲ್ಲಿ ದನಿಯ ಏರಿಳಿತ ತೋರಿಸುವ ಮುಳ್ಳನ್ನೇ ನೋಡುತ್ತಿದ್ದರು. ಮುಳ್ಳು ನೆಟ್ಟಗೆ ನಿಂತಿತೆಂದರೆ ಸ್ಕ್ರೂ ಡ್ರೈವರಿನ ಹಿಡಿಯಿಂದ ಬೆಂಚಿಗೆ ಟಕ್ ಟಕ್. ಸಾಕು ಎಂದು ಅರ್ಥ. ನಾನು ಎಲ್ಲಿದ್ದರೆ ಅಲ್ಲಿಗೆ ನಿಲ್ಲಿಸಿ ಒಳಗೆ ಹೋಗುತ್ತಿದ್ದೆ. ಎಲ್ಲಾ ಮೆಷಿನ್ನಿಗೂ ಒಂದೇ ಕ್ಯಾಸೆಟ್, ಒಂದರ ಹಿಂದೆ ಒಂದು ಹಾಡು. ಎರಡೂ ಬದಿ ತುಂಬಿದ ಮೇಲೆ ಪೂರ್ತಿ ಅಳಿಸಿ ಮತ್ತೆ ಮೊದಲಿನಿಂದ. ನಿಮ್ಮಪ್ಪನ ಜಿಪುಣತನ ನಿನಗೆ ಗೊತ್ತಲ್ಲ.

ಆದರೆ ಒಂದು ಕ್ಯಾಸೆಟ್ ಅಳಿಸದೆ ಉಳಿದುಬಿಟ್ಟಿತ್ತು. ಹಡಗಿನ ಅಡುಗೆಯವನೊಬ್ಬನ ಮೆಷಿನ್ನಿನೊಳಗೆ ಸೇರಿ ಸಮುದ್ರ ದಾಟಿತ್ತು. ಅಡುಗೆಯವನ ನೆನಪಿದೆಯಾ ಎಂದು ಮೇಷ್ಟ್ರು ಕೇಳಿದಾಗ ನಿಮ್ಮಪ್ಪ, ಎಡಗಡೆ ಚಕ್ರದ ಹಲ್ಲು ಮುರಿದಿತ್ತು, ನಾನೇ ಬೇರೆ ಹಾಕಿದೆ ಅಂದರು. ಮನುಷ್ಯನ ಮುಖ ಮೂಗು ಒಂದೂ ನೆನಪಿಲ್ಲ.

ಆ ಅಡುಗೆಯವನು ಹಡಗು ಬಿಟ್ಟು ತನ್ನೂರಿನಲ್ಲಿ ಸಣ್ಣ ಹೋಟೆಲು ಇಟ್ಟನಂತೆ. ಬಾಗಿಲು ಹಾಕುವ ಹೊತ್ತಿಗೆ ಗಿರಾಕಿಗಳು ಎದ್ದು ಹೋಗಲಿ ಎಂದು ಈ ಕ್ಯಾಸೆಟ್ ಹಚ್ಚುತ್ತಿದ್ದನಂತೆ. ಒಬ್ಬರೂ ಏಳುತ್ತಿರಲಿಲ್ಲವಂತೆ. ಟ್ಯಾಕ್ಸಿಯವರು ಅದರ ನಕಲು ಮಾಡಿಸಿಕೊಂಡರು, ಅವರಿಂದ ಆಸ್ಪತ್ರೆಯ ನರ್ಸುಗಳಿಗೆ, ಅಲ್ಲಿಂದ ರೇಡಿಯೋಕ್ಕೆ. ಅಲ್ಲಿಯ ರೇಡಿಯೋ ಪ್ರತಿದಿನದ ಕಾರ್ಯಕ್ರಮ ಮುಗಿಸುವುದೇ ನನ್ನ ಹಾಡಿನಿಂದಂತೆ. ಒಂದು ಪೀಳಿಗೆಯ ಮಕ್ಕಳು ಅದನ್ನು ಕೇಳಿ ನಿದ್ದೆಹೋಗಿ ಈಗ ತಮ್ಮ ಮಕ್ಕಳನ್ನು ಮಲಗಿಸುತ್ತಿದ್ದಾರೆ. ಹಾಡಿದವಳು ಯಾರೆಂದು ಗೊತ್ತಿಲ್ಲದ್ದರಿಂದ ಪೆಟ್ಟಿಗೆಯ ಹೆಂಗಸು ಎಂದು ಹೆಸರಿಟ್ಟಿದ್ದಾರೆ. ಮೊನ್ನೆ ಮೊನ್ನೆ ಅಡುಗೆಯವನು ತೀರಿಕೊಂಡಾಗ ಅವನ ಮಗಳು ಮೂಲ ಕ್ಯಾಸೆಟ್ಟನ್ನು ಈ ರೇಡಿಯೋದವಳ ಕೈಗೆ ಕೊಟ್ಟಳು. ಮೊಹರು ಸಿಕ್ಕಿದ್ದು ಹಾಗೆ, ನಾನು ಸಿಕ್ಕಿದ್ದೂ ಹಾಗೆ.

ಇನ್ನೂ ಕೇಳು. ಅಲ್ಲಿಯ ದೊಡ್ಡ ದೊಡ್ಡ ಸಂಗೀತಗಾರರು ಸಭಾಂಗಣಗಳಲ್ಲಿ ಈ ಹಾಡುಗಳನ್ನು ನುಡಿಸುತ್ತಾರೆ. ಪ್ರತಿ ಹಾಡಿನ ಕೊನೆಗೂ ಕರಿ ಕೋಟು ತೊಟ್ಟ ಒಬ್ಬ ಮನುಷ್ಯ ಎದ್ದು ನಿಂತು ಮರದ ತುಂಡಿಗೆ ಟಕ್ ಟಕ್ ಎಂದು ಹೊಡೆದು ಕೂರುತ್ತಾನೆ. ಅದಕ್ಕೇ ಅವನಿಗೆ ಸಂಬಳ. ಹಾಡುಗಳೆಲ್ಲ ಯಾಕೆ ಅರ್ಧಕ್ಕೆ ನಿಲ್ಲುತ್ತವೆ ಎಂದು ಪಂಡಿತರು ಪುಸ್ತಕ ಬರೆದಿದ್ದಾರೆ. ಬದುಕು ಅಪೂರ್ಣ ಎಂದು ಸೂಚಿಸಲಿಕ್ಕಂತೆ. ಇವರು ಸಾಕು ಅನ್ನುತ್ತಿದ್ದರು, ಒಳಗೆ ಹಾಲು ಉಕ್ಕುತ್ತಿತ್ತು ಎಂದು ನಾನು ಹೇಳಿದೆ. ಮೇಷ್ಟ್ರು ಅದನ್ನು ಅವಳ ಭಾಷೆಗೆ ತಿರುಗಿಸಲು ಬಹಳ ಹೊತ್ತು ತೆಗೆದುಕೊಂಡರು. ಇನ್ನು ಒಂದು ಹಾಡಿನ ಮಧ್ಯೆ ಮಗು ಕಿರ್ರೆಂದು ಅಳುತ್ತದೆ. ಅದು ನೀನು. ನಿನ್ನ ತೊಟ್ಟಿಲು ಬೆಂಚಿನ ಪಕ್ಕದಲ್ಲೇ ಇತ್ತು. ಆ ಅಳುವನ್ನು ಅವರು ಪಿಟೀಲಿನಲ್ಲಿ ನುಡಿಸುತ್ತಾರೆ. ಅದು ತುಂಬಾ ಕಷ್ಟದ ಭಾಗವಂತೆ, ಎಲ್ಲರಿಗೂ ಬರುವುದಿಲ್ಲವಂತೆ. ನಿನಗೆ ಎಷ್ಟು ಸುಲಭವಾಗಿ ಬರುತ್ತಿತ್ತು ಎಂದು ನನಗೆ ಗೊತ್ತು.

ಹೀಗೆ ನಗುತ್ತಾ ಇದ್ದಾಗಲೇ ಮೇಷ್ಟ್ರು ಹೇಳಿದರು, ಹಾಡಿನ ಮಾತು ಮತ್ತು ಅರ್ಥ ಸೇರಿಸಿ ಪುಸ್ತಕ ಹಾಕ್ತಾರಂತೆ, ನೀವು ಪದ ಬಿಡಿಸಿ ಹೇಳಿದ್ರೆ ನಾನು ಬರ್ಕೋತೀನಿ ಅಮ್ಮ ಅಂತ. ನನ್ನ ನಗು ಅಲ್ಲಿಗೆ ನಿಂತಿತು.

ಯಾಕೆ ಅಂತೀಯಾ? ಪುಟ್ಟಿ, ನಾನು ಹಾಡುತ್ತಿದ್ದದ್ದು ದೇವರ ನಾಮವಲ್ಲ. ಗಂಡನಿಗೆ ಹೇಳಬೇಕಾದ್ದನ್ನೆಲ್ಲ ಮೆಷಿನ್ನಿಗೆ ಹಾಡುತ್ತಿದ್ದೆ. ಎದುರು ಕೂತು ಹೇಳಿದರೆ ಹೂಂ ಅನ್ನುತ್ತಾ ಸೋಲ್ಡರಿಂಗ್ ಮಾಡುವ ಮನುಷ್ಯ ಅವರು. ಹಾಡುವಾಗ ಅವರ ಗಮನವೆಲ್ಲ ಮುಳ್ಳಿನ ಮೇಲೆ, ಬೆಲ್ಟಿನ ಮೇಲೆ. ಮಾತು ಯಾರು ಕೇಳುತ್ತಾರೆ ಎಂಬ ಧೈರ್ಯ ನನಗೆ.

ಸೋಪು ಮುಗಿದಿದೆ ಸ್ವಾಮಿ, ಸೋಪು ಮುಗಿದಿದೆ,
ನೊರೆಯಿಲ್ಲದ ಬಾಲ್ದಿಯೊಳಗೆ ಬಟ್ಟೆ ನೆನೆದಿದೆ.

ಇಂಥವು. ಇನ್ನೊಂದು,

ನಲ್ಲಿ ಸೋರುತಿದೆ, ನಿದ್ದೆ ಹಾರುತಿದೆ,
ತೊಟ್ಟು ತೊಟ್ಟು ಎಣಿಸಿ ಎಣಿಸಿ ಇರುಳು ಜಾರುತಿದೆ.

ಇದನ್ನು ಅಲ್ಲಿ ವಿರಹಗೀತೆ ಅಂದುಕೊಂಡಿದ್ದಾರೆ. ಇವನ್ನು ಹೇಳಲು ನನಗೇನೂ ನಾಚಿಕೆಯಾಗಲಿಲ್ಲ. ಆದರೆ ಕ್ಯಾಸೆಟ್ಟಿನ ಕೊನೆಗೆ ಒಂದು ಹಾಡಿದೆ. ಅದೇ ಎಲ್ಲಕ್ಕಿಂತ ಹೆಸರಾದದ್ದಂತೆ. ಬಂದರಿನಿಂದ ಹಡಗು ಹೊರಡುವಾಗ ದಂಡೆಯ ಮೇಲೆ ನಿಂತವರು ಅದನ್ನು ಒಟ್ಟಾಗಿ ಹಾಡುತ್ತಾರಂತೆ, ಅರ್ಥ ಗೊತ್ತಿಲ್ಲದೆಯೇ.

ಹೋಗುವ ಪೆಟ್ಟಿಗೆಯೇ, ಹೋಗುವ ಪೆಟ್ಟಿಗೆಯೇ,
ಹೋಗುವಾಗ ನನ್ನನ್ನೂ ಕಟ್ಟಿಕೊಂಡು ಹೋಗೇ.
ಹಗುರಾಗಿದ್ದೇನೆ, ಭಾರವಾಗೆನು,
ಮೂಲೆಯಲ್ಲಿ ಮಡಿಚಿಟ್ಟ ಬಟ್ಟೆಯ ಹಾಗೆ.

ನೀನು ಹುಟ್ಟಿ ಕೆಲವೇ ತಿಂಗಳಾಗಿತ್ತು. ಹಿಂದಿನ ಕೋಣೆಯಲ್ಲಿ ಹಗಲೂ ದೀಪ ಬೇಕಿತ್ತು. ನೀನು, ಅಡುಗೆ, ಬಟ್ಟೆ, ಗೋಡೆಗೆ ಕುಟ್ಟುವ ಸದ್ದು, ಇಷ್ಟೇ ನನ್ನ ಲೋಕ. ಎದುರಿಗೆ ಒಂದು ಮೆಷಿನ್ನು ರಿಪೇರಿಯಾಗಿ ಹೊರಡಲು ಸಿದ್ಧವಾಗಿ ಕೂತಿದ್ದರೆ ಅದರ ಮೇಲೆ ಹೊಟ್ಟೆಕಿಚ್ಚಾಗುತ್ತಿತ್ತು. ಎಲ್ಲಿಗಾದರೂ ಸರಿ, ಈ ಮನೆ, ಈ ಅಂಗಡಿ, ಈ ಮನುಷ್ಯ ಎಲ್ಲ ಬಿಟ್ಟು ಹೋಗಿಬಿಡಬೇಕು ಎಂದು ಅವತ್ತು ನಿಜವಾಗಿ ಅನ್ನಿಸಿತ್ತು. ಅನ್ನಿಸಿದ್ದನ್ನು ಹಾಡಿದೆ. ತಪ್ಪು ಮಾಡಿದೆ ಎಂದು ಆಗಲೂ ಅನ್ನಿಸಿರಲಿಲ್ಲ, ಈಗಲೂ ಅನ್ನಿಸುವುದಿಲ್ಲ. ಆದರೆ ನಿಮ್ಮಪ್ಪನ ವಯಸ್ಸು ನೋಡು. ಕಿವಿ ಕೇಳದಿದ್ದರೇನು, ಕಣ್ಣು ಚೆನ್ನಾಗಿದೆ. ಅಚ್ಚಾದದ್ದನ್ನು ಓದುತ್ತಾರೆ. ಇಷ್ಟು ವರ್ಷ ಸಂಸಾರ ಮಾಡಿದ ಮೇಲೆ, ಇವಳು ನನ್ನನ್ನು ಬಿಟ್ಟು ಹೋಗಬೇಕೆಂದಿದ್ದಳು ಎಂದು ಪುಸ್ತಕದಲ್ಲಿ ಓದಿ ತಿಳಿಯಬೇಕೇ? ಹೊರಗೆ ಹೇಳುವುದಿಲ್ಲ, ಒಳಗೇ ಕೊರಗುತ್ತಾರೆ. ಅದನ್ನು ನೋಡುವುದು ನನ್ನಿಂದ ಆಗುತ್ತಿರಲಿಲ್ಲ.

ಅದಕ್ಕೆ ಒಂದು ಉಪಾಯ ಮಾಡಿದೆ. ಕೊನೆಯ ಹಾಡಿಗೆ ನಿಂತ ನಿಲುವಿನಲ್ಲೇ ಬೇರೆ ಮಾತು ಕಟ್ಟಿ ಮೇಷ್ಟ್ರಿಗೆ ಬರೆಸಿದೆ. ಹೋಗುವ ಹಡಗೇ, ಹೋಗುವ ಹಡಗೇ, ಚಂದಿರನೂರಿನ ಬೆಳಕನು ತಾರೇ. ಚಂದಿರ ಇದ್ದರೆ ಯಾರೂ ಪ್ರಶ್ನೆ ಕೇಳುವುದಿಲ್ಲ ನೋಡು. ಮೇಷ್ಟ್ರು ಫೋನನ್ನು ಕಿವಿಗೆ ಹಿಡಿದು ಇನ್ನೊಂದು ಸಲ ಕೇಳಿದರು, ನನ್ನ ಮುಖ ನೋಡಿದರು. ಒಳ್ಳೆಯ ಮನುಷ್ಯ, ನಾನು ಹೇಳಿದ್ದನ್ನೇ ಬರೆದುಕೊಂಡರು.

ಮಾರನೆಯ ದಿನ ಎಲ್ಲವನ್ನೂ ಅಂದವಾಗಿ ನಕಲು ಮಾಡಿ ತಂದರು, ರೇಡಿಯೋದವಳೂ ಜೊತೆಗೆ ಬಂದಳು. ಹಾಳೆಗಳನ್ನು ನನ್ನ ಕೈಗೆ ಕೊಡುವ ಬದಲು ಬೆಂಚಿನ ಮೇಲಿಟ್ಟರು. ನಾನು ಚಹಾ ಲೋಟ ಹಿಡಿದು ನಿಂತಿದ್ದೆ, ಎತ್ತಿಕೊಳ್ಳಲು ಕೈ ಖಾಲಿ ಇರಲಿಲ್ಲ. ಅಷ್ಟರಲ್ಲಿ ನಿಮ್ಮಪ್ಪ ಕೈಗೆ ಅಂಟಿದ್ದ ಗ್ರೀಸು ಒರೆಸಿಕೊಂಡು, ಕನ್ನಡಕ ಏರಿಸಿ, ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಓದಲು ಶುರುಮಾಡಿಬಿಟ್ಟರು. ಅವರು ಮೆಷಿನ್ನಿನ ನಕ್ಷೆ ಓದುವುದು ನೋಡಿದ್ದೀಯಲ್ಲ, ಗೆರೆಗೆರೆಗೂ ಪೆನ್ಸಿಲ್ ತುದಿ ಇಟ್ಟು, ಹಾಗೇ. ಸೋಪಿಗೆ ತಲೆಯಾಡಿಸಿದರು. ನಲ್ಲಿಗೂ ತಲೆಯಾಡಿಸಿದರು. ಕೊನೆಯ ಹಾಳೆಗೆ ಬಂದಾಗ ಪೆನ್ಸಿಲ್ ನಿಂತಿತು.

ಇದು ತಪ್ಪು ಅಂದರು. ಕಿವಿ ಕೇಳದವರಿಗೆ ಮೆಲ್ಲಗೆ ಹೇಳಲು ಬರುವುದಿಲ್ಲ, ಅಂಗಡಿಯೆಲ್ಲ ಕೇಳುವಂತೆ ಅಂದರು. ಹಡಗೂ ಇಲ್ಲ ಚಂದ್ರನೂ ಇಲ್ಲ, ಯಾರು ಬರೆಸಿದ್ದು ಇದನ್ನ ಎಂದು ಗೊಣಗುತ್ತಾ ಚಂದಿರನ ಮೇಲೆ ಗೆರೆ ಎಳೆದರು. ಆಮೇಲೆ ಅದರ ಕೆಳಗೆ ಬರೆಯಲು ತೊಡಗಿದರು. ಹೋಗುವ ಪೆಟ್ಟಿಗೆಯೇ. ಹೋಗುವಾಗ ನನ್ನನ್ನೂ. ಒಂದಕ್ಷರ ಆಚೀಚೆ ಇಲ್ಲ. ಭಾರವಾಗೆನು ಎಂಬಲ್ಲಿ ಒಂದು ಕ್ಷಣ ತಡೆದು ಅದನ್ನೂ ಬರೆದರು. ಮೇಷ್ಟ್ರ ಕೈಗೆ ಹಾಳೆ ಕೊಟ್ಟು, ಇದು ಸರಿ, ಇದನ್ನೇ ಹಾಕಿ ಅಂದರು. ಮತ್ತೆ ಮಿಕ್ಸಿಗೆ ತಿರುಗಿಕೊಂಡರು.

ನನ್ನ ಕೈಯಲ್ಲಿದ್ದ ಚಹಾ ಪೂರ್ತಿ ಆರಿಹೋಗಿತ್ತು.

ಅವರಿಬ್ಬರೂ ಹೋದ ಮೇಲೆ ಏನು ಕೇಳಲಿ, ಹೇಗೆ ಕೇಳಲಿ? ಇಂಥದ್ದನ್ನು ಕೂಗಿ ಕೇಳಲಾಗುತ್ತದೆಯೇ? ಒಂದು ಬಿಲ್ಲಿನ ಹಿಂದೆ, ನಿಮಗೆ ಗೊತ್ತಿತ್ತಾ ಎಂದು ಬರೆದು ಮುಂದೆ ಹಿಡಿದೆ. ಓದಿ ನನ್ನನ್ನು ವಿಚಿತ್ರವಾಗಿ ನೋಡಿದರು. ಹೆಡ್‌ಫೋನ್ ಹಾಕ್ಕೊಂಡಿದ್ದವನು ನಾನೇ ಅಲ್ವೇನೇ, ನಿನ್ನ ಮಾತೆಲ್ಲ ನೇರ ಕಿವಿಯೊಳಗೇ ಬೀಳ್ತಿತ್ತಲ್ಲ ಅಂದರು. ಹೌದಲ್ಲ! ಇಷ್ಟು ವರ್ಷ ಇದು ನನ್ನ ತಲೆಗೆ ಹೊಳೆದೇ ಇರಲಿಲ್ಲ ನೋಡು. ಊರಲ್ಲೆಲ್ಲ ನನ್ನ ಹಾಡನ್ನು ಎಲ್ಲರಿಗಿಂತ ಹತ್ತಿರದಿಂದ ಕೇಳಿದವರು ಅವರು, ಅವರಿಗೇ ಕೇಳಿಸುವುದಿಲ್ಲ ಎಂದು ನಾನು ನಂಬಿಕೊಂಡಿದ್ದೆ.

ಮತ್ತೆ ಒಂದು ಮಾತೂ ಆಡಲಿಲ್ಲವಲ್ಲ ಎಂದು ಬರೆದೆ. ನೀನು ನನಗೆ ಹೇಳ್ತಿರ್ಲಿಲ್ಲ, ಮೆಷಿನ್ನಿಗೆ ಹೇಳ್ತಿದ್ದೆ, ಮಧ್ಯೆ ಬಾಯಿ ಹಾಕೋದು ಹೇಗೆ, ಆದ್ರೂ ಸೋಪು ತರ್ತಿರ್ಲಿಲ್ವಾ ಅಂದರು. ತರುತ್ತಿದ್ದರು, ಪುಟ್ಟಿ. ಈಗ ಕೂತು ಯೋಚಿಸಿದರೆ ಸೋಪು ಬಂದಿತ್ತು, ನಲ್ಲಿಯ ವಾಷರ್ ಬದಲಾಗಿತ್ತು, ಹಾಡಿದ್ದೆಲ್ಲ ಒಂದೊಂದಾಗಿ ಮನೆಗೆ ಬಂದಿತ್ತು. ನಾನು ಅದನ್ನು ನನ್ನ ಅದೃಷ್ಟ ಅಂದುಕೊಂಡಿದ್ದೆ.

ಆಮೇಲೆ ಕ್ಯಾಸೆಟ್ಟಿನ ಮಾತು ಬಂತು. ಎಲ್ಲವನ್ನೂ ಅಳಿಸುವ ಮನುಷ್ಯ ಅದೊಂದನ್ನು ಯಾಕೆ ಬಿಟ್ಟಿರಿ, ಮರೆತಿರಾ ಎಂದು ಬರೆದು ಕೇಳಿದೆ. ತಲೆ ಎತ್ತದೆಯೇ ಹೇಳಿದರು. ಅಳಿಸೋಕೆ ಕೈ ಬರ್ಲಿಲ್ಲ. ಮನೇಲಿ ಇಟ್ಕೊಳ್ಳೋಕೆ ಧೈರ್ಯ ಬರ್ಲಿಲ್ಲ. ಬಂದವರಲ್ಲಿ ಎಲ್ರಿಗಿಂತ ದೂರ ಹೋಗೋನು ಆ ಅಡುಗೆಯವನು, ಅವನ ಮೆಷಿನ್ನಲ್ಲಿ ಹಾಕಿ ಕಳಿಸ್ದೆ. ಇಷ್ಟು ಹೇಳಿ ಒಂದು ಸ್ಕ್ರೂ ಬಿಗಿಮಾಡಿದರು. ಆಮೇಲೆ, ಹಿಂದಿನ ಕೋಣೆಗೆ ಕಿಟಕಿ ಇಡಿಸ್ದೆ ಅಂದರು.

ಆ ಕಿಟಕಿ ನಿನಗೆ ಗೊತ್ತು, ನೀನು ಓದಿದ್ದೆಲ್ಲ ಅದರ ಬೆಳಕಿನಲ್ಲೇ. ಒಂದು ರಜೆಯ ದಿನ ಗಾರೆಯವನನ್ನು ಕರೆತಂದು ಇದ್ದಕ್ಕಿದ್ದಂತೆ ಗೋಡೆ ಒಡೆಸಿದ್ದರು. ಮನೆತುಂಬ ಧೂಳು, ನಾನು ಬೈದದ್ದೇ ಬೈದದ್ದು. ಸೋಲ್ಡರಿಂಗ್ ಹೊಗೆ ಹೋಗೋಕೆ ಅಂದಿದ್ದರು. ನಾನು ನಂಬಿದ್ದೆ. ಸೋಲ್ಡರಿಂಗ್ ನಡೆಯುವುದು ಮುಂದಿನ ಕೋಣೆಯಲ್ಲಿ ಎಂದು ಆಗ ಯಾಕೆ ಹೊಳೆಯಲಿಲ್ಲವೋ! ಕಿಟಕಿ ಸಾಕಾಗುತ್ತೋ ಇಲ್ವೋ ಅಂತ ಬಹಳ ದಿನ ನೋಡ್ತಾ ಇದ್ದೆ ಅಂದರು. ಬೆಳಿಗ್ಗೆ ಎದ್ದಾಗ ನೀನು ಪಕ್ಕದಲ್ಲಿ ಇದ್ದೀಯಾ ಅಂತ ಮೊದಲು ನೋಡ್ತಿದ್ದೆ ಅಂದರು.

ನನಗೆ ಅಳು ಬಂತು, ಸಿಟ್ಟೂ ಬಂತು. ಬಾಯಿಬಿಟ್ಟು ಒಂದು ಮಾತು ಕೇಳಿದ್ದರೆ ಏನು ಗಂಟು ಹೋಗುತ್ತಿತ್ತು ಇವರದು? ಚೆನ್ನಾಗಿ ಬೈದೆ. ಅವರಿಗೆ ಕೇಳಿಸಲಿಲ್ಲ, ಆದರೆ ನನ್ನ ಮುಖ ನೋಡಿ ಅರ್ಥಮಾಡಿಕೊಂಡು ನಕ್ಕರು. ನಾನೂ ನಕ್ಕೆ. ಸಂತೋಷ ಅಂದರೆ ಏನೆಂದು ನನ್ನನ್ನು ಯಾರಾದರೂ ಕೇಳಿದರೆ ಅವತ್ತಿನ ಆ ಮಧ್ಯಾಹ್ನ ಎಂದು ಹೇಳುತ್ತೇನೆ. ಅಲ್ಲಿ ಸಾವಿರ ಜನ ನನ್ನ ಹಾಡು ಕೇಳುತ್ತಾರಂತೆ, ಒಳ್ಳೆಯದೇ. ಆದರೆ ಇಲ್ಲಿ ಒಬ್ಬರು ಕೇಳುತ್ತಿದ್ದರು ಎಂದು ತಿಳಿದದ್ದು ಅದಕ್ಕಿಂತ ದೊಡ್ಡದಾಗಿ ಕಂಡಿತು.

ರೇಡಿಯೋದವಳು ಹೊರಡುವ ದಿನ ಒಂದು ಸಣ್ಣ ರೆಕಾರ್ಡರು ತಂದು ನನ್ನ ಮುಂದಿಟ್ಟಳು. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು, ಅಷ್ಟೆ. ಹಾಡಿ ಎಂದು ಸನ್ನೆ ಮಾಡಿದಳು. ನಾನು ಹಿಂದಕ್ಕೆ ಸರಿದೆ. ಟೇಪ್ ರೆಕಾರ್ಡರುಗಳು ಬರುವುದು ನಿಂತ ಮೇಲೆ ನಾನು ಹಾಡಿಯೇ ಇರಲಿಲ್ಲ, ಪುಟ್ಟಿ. ಬಿಟ್ಟುಬಿಡಬೇಕೆಂದು ಬಿಟ್ಟದ್ದಲ್ಲ. ಹಾಡಲಿಕ್ಕೆಂದು ಗೋಡೆಗೆ ಕುಟ್ಟಿ ಕರೆಯುವವರಿರಲಿಲ್ಲ, ಹಾಗಾಗಿ ಹಾಡಲಿಲ್ಲ. ಫ್ಯಾನು ಮಿಕ್ಸಿಗಳ ಮುಂದೆ ಹಾಡುವುದು ಹೇಗೆ? ದನಿ ಹಳೇದಾಯ್ತು, ಬೇಡ ಎಂದು ಮೇಷ್ಟ್ರಿಗೆ ಹೇಳುತ್ತಿದ್ದೆ. ನಿಮ್ಮಪ್ಪ ನನ್ನ ತುಟಿ ನೋಡಿಯೇ ತಿಳಿದುಕೊಂಡರು. ಬೆಲ್ಟ್ ಹಳೇದಾದ್ರೆ ಸ್ಪೀಡ್ ಸ್ವಲ್ಪ ಇಳಿಯುತ್ತೆ ಅಷ್ಟೇ, ಏನಾಗಲ್ಲ, ಎಳೆದು ಹಾಡು ಅಂದರು. ರೇಡಿಯೋದವಳ ಹೆಡ್‌ಫೋನನ್ನು ಕೈಚಾಚಿ ತೆಗೆದುಕೊಂಡು ತಮ್ಮ ಕಿವಿಗೇ ಹಾಕಿಕೊಂಡರು. ಏನೂ ಕೇಳಿಸುವುದಿಲ್ಲ, ಆದರೂ ಹಾಕಿಕೊಂಡು ಕೂತರು.

ಹಾಡಿದೆ. ಮೊದಲು ದನಿ ಗರಗರ ಅಂತು, ಆಮೇಲೆ ದಾರಿಗೆ ಬಂತು. ಅದೇ ಹಳೆಯ ಹಾಡು, ಹೋಗುವ ಪೆಟ್ಟಿಗೆಯೇ. ಯಾವಾಗಲೂ ನಿಲ್ಲಿಸುತ್ತಿದ್ದ ಜಾಗಕ್ಕೆ ಬಂದು ಟಕ್ ಟಕ್ ಸದ್ದಿಗೆ ಕಾದೆ. ಬರಲಿಲ್ಲ. ಅವರು ಮೆ‍ಷಿನ್ನಿನ ಕಡೆ ನೋಡುತ್ತಲೇ ಇರಲಿಲ್ಲ, ನನ್ನನ್ನು ನೋಡುತ್ತಿದ್ದರು. ಹಾಗಾಗಿ ಮುಂದಕ್ಕೆ ಹೋದೆ. ಮುಂದೆ ಏನಿದೆ ಎಂದು ನನಗೂ ಗೊತ್ತಿರಲಿಲ್ಲ, ಹಾಡುತ್ತಾ ಹೋದಂತೆ ಬಂತು. ಅದು ಮುಗಿಯುವಲ್ಲಿ ತಾನಾಗಿಯೇ ಮುಗಿಯಿತು. ಎಷ್ಟೋ ಹಾಡು ಶುರುಮಾಡಿದವಳು ನಾನು, ಒಂದನ್ನು ಮುಗಿಸಿದ್ದು ಇದೇ ಮೊದಲು.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಅವರ ಊರಿನ ದೊಡ್ಡ ಸಭಾಂಗಣದಲ್ಲಿ ಒಂದು ಸಂಜೆ ನಾನು ಹಾಡಬೇಕಂತೆ. ಅಡುಗೆಯವನ ಮಗಳೂ ಬರುತ್ತಾಳಂತೆ. ಖರ್ಚೆಲ್ಲ ರೇಡಿಯೋದವರದೇ. ನಿಮ್ಮಪ್ಪನಿಗೆ ಹೇಳಿದಾಗ ಒಂದೇ ಪ್ರಶ್ನೆ ಕೇಳಿದರು, ಈಗ್ಲೂ ಹೋಗ್ಬೇಕು ಅನ್ಸುತ್ತಾ ಅಂತ. ಅನ್ನಿಸುತ್ತೆ, ಆದ್ರೆ ನೀವು ಬಂದ್ರೆ ಮಾತ್ರ ಎಂದು ಬರೆದು ತೋರಿಸಿದೆ. ಆ ಚೀಟಿಯನ್ನು ಮಡಿಚಿ ಜೇಬಿಗೆ ಹಾಕಿಕೊಂಡರು.

ನನಗೂ ಹಿಂದೆಮುಂದೆ ಆಗುತ್ತಿದೆ. ಇಬ್ಬರೂ ಜೀವಮಾನದಲ್ಲಿ ವಿಮಾನ ಹತ್ತಿಲ್ಲ. ಒಬ್ಬರಿಗೆ ಮಂಡಿ, ಒಬ್ಬರಿಗೆ ಕಿವಿ. ನೀನು ಬೈಯುತ್ತೀ, ಡಾಕ್ಟರನ್ನು ಕೇಳಿದಿರಾ ಅನ್ನುತ್ತೀ, ಗೊತ್ತಿದ್ದೇ ಬರೆಯುತ್ತಿದ್ದೇನೆ. ಹೋಗಲೋ ಬೇಡವೋ, ನಿಧಾನವಾಗಿ ಯೋಚಿಸಿ ನೀನೇ ಹೇಳು. ನೀನು ಹೇಳಿದ ಹಾಗೆ ಆಗಲಿ. ಅಳಿಯಂದಿರಿಗೆ ನನ್ನ ಆಶೀರ್ವಾದ ತಿಳಿಸು. ಮೊಮ್ಮಗಳಿಗೆ ಮುತ್ತು. ಅವಳು ಅತ್ತರೆ ಗದರಬೇಡ, ಯಾರಿಗೆ ಗೊತ್ತು, ಯಾರಾದರೂ ಪಿಟೀಲಿನವರು ಕೇಳಿಸಿಕೊಳ್ಳುತ್ತಿರಬಹುದು.

ಇಂತು ನಿನ್ನ ಪ್ರೀತಿಯ
ಅಮ್ಮ

ಮತ್ತೆ ಬರೆದದ್ದು, ಮಂಗಳವಾರ ಬೆಳಿಗ್ಗೆ: ಈ ಕಾಗದವನ್ನು ವಿಮಾನ ನಿಲ್ದಾಣದ ಅಂಚೆಪೆಟ್ಟಿಗೆಗೆ ಹಾಕುತ್ತಿದ್ದೇನೆ. ನಿನಗೆ ತಲುಪುವ ಹೊತ್ತಿಗೆ ನಾವು ಅಲ್ಲಿ ಇಳಿದಾಗಿರುತ್ತದೆ. ಪಾಸ್‌ಪೋರ್ಟ್ ಬಂದು ಹದಿನೈದು ದಿನವಾಯಿತು, ಡಾಕ್ಟರನ್ನೂ ಕೇಳಿದ್ದೇವೆ. ನಿನ್ನ ಅಭಿಪ್ರಾಯ ಕೇಳಿದ್ದು ಸುಳ್ಳಲ್ಲ, ಕೇಳದೆ ಹೋದರೆ ನಿನಗೆ ಬೇಜಾರಾಗುತ್ತದಲ್ಲ ಎಂದು ಕೇಳಿದೆ. ಅಂಗಡಿಗೆ ಫೋನು ಮಾಡಬೇಡ, ಯಾರೂ ಎತ್ತುವುದಿಲ್ಲ. ನಿಮ್ಮಪ್ಪ ಬಾಗಿಲಿಗೆ ರಟ್ಟಿನ ಬೋರ್ಡು ಬರೆದು ತೂಗುಹಾಕಿದ್ದಾರೆ. ಊರಿಗೆ ಹೋಗಿದ್ದೇವೆ ಅಂತ ಬರೆದ್ರೆ ಸಾಲದಾ, ಬೀದಿಯವರು ನಗ್ತಾರೆ ಎಂದು ನಾನು ಎಷ್ಟು ಹೇಳಿದರೂ ಕೇಳಲಿಲ್ಲ, ಗಿರಾಕಿಗಳಿಗೆ ಸುಳ್ಳು ಹೇಳಲ್ಲ ಅಂದರು. ಬೋರ್ಡಿನ ಮೇಲೆ ಇಷ್ಟು ಇದೆ: ಅಂಗಡಿ ಮುಚ್ಚಿದೆ. ಹೆಂಡತಿಯ ಹಾಡು ಕೇಳಲು ಹೋಗಿದ್ದೇನೆ.